ಅಕ್ಟೋಬರ್ 12: ಒಂದು ಊರಿನ ಮಾತೆ, ಒಂದು ದೇಶದ ತಕರಾರು

ಪ್ರತಿವರ್ಷ ಅಕ್ಟೋಬರ್ 12ರಂದು ಸ್ಪೇನಿನಲ್ಲಿ ಎರಡು ದೊಡ್ಡ ಮೆರವಣಿಗೆ ಹೊರಡುತ್ತವೆ. ಒಂದು ರಾಜಧಾನಿ ಮ್ಯಾಡ್ರಿಡ್‌ನಲ್ಲಿ. ಅಲ್ಲಿ ಸೈನಿಕರು ಹೆಜ್ಜೆ ಹಾಕುತ್ತಾರೆ, ಯುದ್ಧವಿಮಾನಗಳು ಹಾರುತ್ತವೆ, ರಾಜ ಆರನೇ ಫೆಲಿಪೆ ವಂದನೆ ಸ್ವೀಕರಿಸುತ್ತಾರೆ. ಪ್ರಧಾನಿ ಪೆದ್ರೊ ಸ್ಯಾಂಚೆಸ್ ಬಂದಾಗ ಜನ ಸಿಳ್ಳೆ ಹಾಕಿ ಕೂಗುವುದೂ ಈಚೆಗೆ ರೂಢಿಯಾಗಿದೆ. ಇನ್ನೊಂದು ಮೆರವಣಿಗೆ ಅಲ್ಲಿಂದ ಸುಮಾರು 300 ಕಿಲೋಮೀಟರ್ ದೂರದ ಸರಗೋಸಾದಲ್ಲಿ. ಅಲ್ಲಿ ಬೆಳಕು ಹರಿಯುವ ಹೊತ್ತಿಗೇ ಜನ ಕೈಯಲ್ಲಿ ಹೂವು ಹಿಡಿದು ಸಾಲುಗಟ್ಟಿರುತ್ತಾರೆ. ಅಜ್ಜಿಯಂದಿರು, ಕಾಲೇಜು ಹುಡುಗರು, ತಳ್ಳುಗಾಡಿಯಲ್ಲಿ ಮಲಗಿದ ಕೂಸುಗಳು, ಎಲ್ಲರೂ ಊರಿನ ಸಾಂಪ್ರದಾಯಿಕ ಉಡುಪಿನಲ್ಲಿ. ಅವರೆಲ್ಲ ಹೋಗುವುದು ಪಿಲಾರ್ ಮಾತೆಯ ಹತ್ತಿರ. ಆಕೆ ಈ ಊರಿನ ಪಾಲಕಿ.

ಒಂದೇ ದಿನ, ಒಂದೇ ಸರ್ಕಾರಿ ರಜೆ. ಆದರೆ ಆ ದಿನದ ಮೇಲೆ ಎಷ್ಟೊಂದು ಹೊರೆ ಇದೆ ನೋಡಿ. ಕಾನೂನಿನ ಪ್ರಕಾರ ಅದು ಸ್ಪೇನಿನ ರಾಷ್ಟ್ರೀಯ ದಿನ. ಇತಿಹಾಸದಲ್ಲಿ ಅದು 1492ರಲ್ಲಿ ಕೊಲಂಬಸ್ ಅಮೆರಿಕದ ಕಡೆಯ ದ್ವೀಪವೊಂದರಲ್ಲಿ ಕಾಲಿಟ್ಟ ದಿನ. ಚರ್ಚಿನ ಲೆಕ್ಕದಲ್ಲಿ ಯೇಸುವಿನ ತಾಯಿ ಮರಿಯಮ್ಮನ ಹಬ್ಬ, ಪಿಲಾರ್ ಮಾತೆ ಎಂದರೆ ಆಕೆಯೇ. ಗಾರ್ಡಿಯಾ ಸಿವಿಲ್ ಎಂಬ ಪೊಲೀಸ್ ಪಡೆಗೆ ತನ್ನ ಪಾಲಕಿಯ ದಿನ. ಸರಗೋಸಾದವರಿಗೆ ವರ್ಷದ ಅತಿ ದೊಡ್ಡ ಊರಹಬ್ಬ. ಇದರಲ್ಲಿ ಯಾವುದನ್ನು ಆಚರಿಸುತ್ತಿದ್ದೇವೆ ಎಂದು ಕೇಳಿದರೆ ಸ್ಪೇನಿನಲ್ಲಿ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ವರ್ಷ ವರ್ಷ ಆ ಉತ್ತರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ದೂರದಿಂದ ನೋಡುವವರಿಗೆ ಇದು ನಂಬುವವರಿಗೂ ನಂಬದವರಿಗೂ ನಡುವಿನ ಜಗಳದ ಹಾಗೆ ಕಾಣಬಹುದು. ಒಳಗೆ ಇಳಿದರೆ ಬೇರೆಯೇ ಚಿತ್ರ ಸಿಗುತ್ತದೆ. ಮಾತೆಯ ಹೆಸರಿನಲ್ಲಿ ಮಾತಾಡುವ ಹಕ್ಕು ಯಾರದು, ಊರಿನದೋ ರಾಷ್ಟ್ರದ್ದೋ? ತಕರಾರಿನ ಬೇರು ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ಇದಕ್ಕೆ ಉತ್ತರ ಹುಡುಕಲು ಆ ಮಾತೆ ಸರಗೋಸಾಕ್ಕೆ ಏನಾಗಿದ್ದಾಳೆ ಎಂಬುದನ್ನು ಮೊದಲು ತಿಳಿಯಬೇಕು.

ಕಂಬ ಮತ್ತು ಕಥೆ

ಕಥೆ ಹೀಗಿದೆ. ಕ್ರಿ.ಶ. 40ರ ಜನವರಿ 2. ಯೇಸುವಿನ ಶಿಷ್ಯ ಸಂತ ಯಾಕೋಬ ಎಬ್ರೊ ನದಿಯ ದಡದಲ್ಲಿ ಕೂತಿದ್ದಾನೆ. ಆಗ ಈ ಊರು ರೋಮನ್ನರದು, ಹೆಸರು ಸೀಸರ್‌ಆಗುಸ್ತಾ. ಅವನ ಮಾತು ಕೇಳಿದವರು ಬೆರಳೆಣಿಕೆಯಷ್ಟು ಜನ. ಸೋತು ಸುಣ್ಣವಾಗಿದ್ದಾನೆ. ಆಗ ಮರಿಯಮ್ಮ ಒಂದು ಕಲ್ಲಿನ ಕಂಬದ ಮೇಲೆ ನಿಂತು ಅವನಿಗೆ ದರ್ಶನ ಕೊಡುತ್ತಾಳೆ. ವಿಶೇಷ ಏನೆಂದರೆ ಆಗ ಆಕೆ ಇನ್ನೂ ಬದುಕಿದ್ದಾಳೆ, ಜೆರುಸಲೇಮಿನಲ್ಲಿದ್ದಾಳೆ. ಇಲ್ಲೊಂದು ಗುಡಿ ಕಟ್ಟು ಎನ್ನುತ್ತಾಳೆ, ಕಂಬವನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ. ಪಿಲಾರ್ ಎಂದರೆ ಆ ಕಂಬವೇ.

ಇತಿಹಾಸಕಾರರು ಇದನ್ನು ಎಚ್ಚರದಿಂದ ನೋಡುತ್ತಾರೆ. ಅರಬರ ಆಳ್ವಿಕೆ ಇದ್ದ 9ನೇ ಶತಮಾನದಲ್ಲೇ ಸರಗೋಸಾದಲ್ಲಿ ಮರಿಯಮ್ಮನ ಒಂದು ಚರ್ಚು ಇತ್ತು ಎಂಬುದಕ್ಕೆ ಆಧಾರ ಇದೆ. ಆದರೆ ಕಂಬದ ಕಥೆ ಬರಹದಲ್ಲಿ ಕಾಣಿಸುವುದು 13ನೇ ಶತಮಾನದ ಕೊನೆಯ ಹೊತ್ತಿಗೆ. ಕಂಬದ ಮೇಲಿರುವ ಮರದ ವಿಗ್ರಹ ಇನ್ನೂ ಈಚಿನದು, 15ನೇ ಶತಮಾನದ್ದು. ಅದರ ಎತ್ತರ ಬರೀ 38 ಸೆಂಟಿಮೀಟರ್. ಅಷ್ಟು ದೊಡ್ಡ ಬಸಿಲಿಕಾ (ಮಹಾಚರ್ಚು), ನಾಲ್ಕು ಮೂಲೆಗೆ ನಾಲ್ಕು ಗೋಪುರ, ಒಳಗೆ ಗೊಯಾ ಬರೆದ ಚಾವಣಿ ಚಿತ್ರಗಳು. ಇದೆಲ್ಲದರ ನಡುವೆ ಎರಡು ಗೇಣೂ ಎತ್ತರವಿಲ್ಲದ ಅಮ್ಮ.

ಆ ಅಮ್ಮನ ಸುತ್ತ ಬೆಳೆದ ಸಣ್ಣ ಸಣ್ಣ ಪದ್ಧತಿಗಳೇ ನನಗೆ ತುಂಬಾ ಮುಖ್ಯ ಅನಿಸುವುದು. ಕಂಬಕ್ಕೆ ಕಂಚು, ಬೆಳ್ಳಿಯ ಕವಚ ಇದೆ. ಹಿಂದುಗಡೆ ಒಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ. ಅಲ್ಲಿ ಮಾತ್ರ ಕಲ್ಲು ಕಾಣುತ್ತದೆ. ಜನ ಬಗ್ಗಿ ಅದಕ್ಕೆ ಮುತ್ತಿಡುತ್ತಾರೆ. ಶತಮಾನಗಳ ಮುತ್ತಿಗೆ ಕಲ್ಲು ಸವೆದು ಗುಳಿ ಬಿದ್ದಿದೆ. ಕಂಬಕ್ಕೆ ಸುತ್ತುವ ಮೇಲುಹೊದಿಕೆಯನ್ನು ಪ್ರತಿದಿನ ಬದಲಿಸುತ್ತಾರೆ. ನೂರಾರು ಹೊದಿಕೆಗಳಿವೆ, ಎಲ್ಲವೂ ಭಕ್ತರು, ಸಂಘಗಳು, ಊರುಗಳು ಕೊಟ್ಟವು. ತಿಂಗಳಿನ 2, 12 ಮತ್ತು 20ನೇ ತಾರೀಖು ಮಾತ್ರ ಹೊದಿಕೆ ಇರುವುದಿಲ್ಲ. 2 ದರ್ಶನದ ದಿನದ ನೆನಪು, 12 ಹಬ್ಬದ್ದು, 20 ಆಕೆಗೆ ಕಿರೀಟ ತೊಡಿಸಿದ 1905ರ ಮೇ 20ರದು. ಮೊದಲ ಪರಮಪ್ರಸಾದ ಎಂಬ ಚರ್ಚಿನ ಸಂಸ್ಕಾರ ಇನ್ನೂ ಆಗದ ಸಣ್ಣ ಮಕ್ಕಳನ್ನು ವಿಗ್ರಹದ ಹತ್ತಿರ ಕರೆದುಕೊಂಡು ಹೋಗಿ ಹೊದಿಕೆಯ ಕೆಳಗೆ ದಾಟಿಸುತ್ತಾರೆ. ವಿಗ್ರಹದ ಎತ್ತರದಷ್ಟೇ ಉದ್ದದ ಬಣ್ಣದ ರಿಬ್ಬನ್ ಸಿಗುತ್ತದೆ. ಅದನ್ನು ಜನ ಕಾರಿನ ಕನ್ನಡಿಗೆ ಕಟ್ಟುತ್ತಾರೆ, ಕಾಯಿಲೆಯವರ ಮಂಚಕ್ಕೆ ಕಟ್ಟುತ್ತಾರೆ, ದೂರದೂರಿಗೆ ಓದಲು ಹೊರಟ ಮಗಳ ಬ್ಯಾಗಿಗೆ ಕಟ್ಟುತ್ತಾರೆ. ಚರ್ಚಿಗೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾದವರ ಕಾರಿನಲ್ಲೂ ಆ ರಿಬ್ಬನ್ ಇರುತ್ತದೆ.

ಒಂದು ಪವಾಡವನ್ನೂ ಹೇಳಲೇಬೇಕು. ಊರಿನ ಇತಿಹಾಸ ಅದರಿಂದ ತಿರುಗಿತು. ಕಲಾಂದಾ ಎಂಬ ಹಳ್ಳಿಯ ಮಿಗೆಲ್ ಪೆಯಿಸೆರ್ ಎಂಬ ಹುಡುಗನ ಕಾಲಿನ ಮೇಲೆ ಗಾಡಿ ಹರಿಯಿತು. 1637ರಲ್ಲಿ ಸರಗೋಸಾದ ಆಸ್ಪತ್ರೆಯಲ್ಲಿ ಕಾಲು ಕತ್ತರಿಸಿದರು. ಅವನು ಪಿಲಾರ್ ಚರ್ಚಿನ ಬಾಗಿಲಲ್ಲಿ ಭಿಕ್ಷೆ ಬೇಡುತ್ತ, ದೀಪದ ಎಣ್ಣೆಯನ್ನು ಮೊಂಡುಕಾಲಿಗೆ ಹಚ್ಚಿಕೊಳ್ಳುತ್ತಿದ್ದ. 1640ರ ಮಾರ್ಚ್ 29ರ ರಾತ್ರಿ ಮನೆಯಲ್ಲಿ ಮಲಗಿದ್ದಾಗ ಕಾಲು ಮತ್ತೆ ಬಂದಿತ್ತು ಎಂಬುದು ಕಥೆ. ಚರ್ಚು ಸಾಕ್ಷಿಗಳನ್ನು ಕರೆಸಿ ವಿಚಾರಣೆ ನಡೆಸಿತು. 1641ರಲ್ಲಿ ಆರ್ಚ್‌ಬಿಷಪ್ ಇದು ಪವಾಡ ಎಂದು ತೀರ್ಪು ಕೊಟ್ಟರು. ಮರುವರ್ಷವೇ, 1642ರಲ್ಲಿ, ನಗರಸಭೆ ಪಿಲಾರ್ ಮಾತೆಯನ್ನು ಊರಿನ ಪಾಲಕಿ ಎಂದು ಘೋಷಿಸಿತು. 1678ರಲ್ಲಿ ಸರಗೋಸಾ ಇರುವ ಇಡೀ ಅರಗಾನ್ ಪ್ರಾಂತ್ಯಕ್ಕೆ ಆಕೆ ಪಾಲಕಿಯಾದಳು. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಗಮನಿಸಬೇಕಾದ್ದು ಇನ್ನೊಂದಿದೆ. ಆಕೆಯನ್ನು ಆರಿಸಿಕೊಂಡದ್ದು ರಾಜನೂ ಅಲ್ಲ, ಪೋಪೂ ಅಲ್ಲ. ಆರಿಸಿಕೊಂಡದ್ದು ಊರು.

ಈ ಭಕ್ತಿ ನಮ್ಮ ಪಕ್ಕದ ಗೋವಾಕ್ಕೂ ಬಂದಿತ್ತು. ಹಳೇ ಗೋವಾದಿಂದ ಸ್ವಲ್ಪ ದೂರದ ಗುಡ್ಡದ ಮೇಲೆ 1613ರಲ್ಲಿ ಕಟ್ಟಿದ ಪಿಲಾರ್ ಮಠ ಇದೆ. ಸ್ಪೇನಿನಿಂದ ತಂದ ಈ ಮಾತೆಯ ವಿಗ್ರಹದಿಂದಲೇ ಆ ಊರಿಗೆ ಪಿಲಾರ್ ಎಂಬ ಹೆಸರು ಬಂತು.

ತಾರೀಖಿನ ಮೇಲೆ ಹತ್ತಿದ ಹೊರೆ

ಸೈನ್ಯ, ರಾಷ್ಟ್ರ, ಸಾಮ್ರಾಜ್ಯ ಇವೆಲ್ಲ ಈ ಹಬ್ಬಕ್ಕೆ ಹೇಗೆ ಅಂಟಿಕೊಂಡವು? ಒಮ್ಮೆಲೇ ಅಲ್ಲ. ಸುಮಾರು ಇನ್ನೂರು ವರ್ಷಗಳ ಕಾಲ ಒಂದೊಂದೇ ಪದರ ಕೂತಿತು.

ಮೊದಲ ಪದರ ನಿಜವಾದ ನೋವಿನದು. 1808 ಮತ್ತು 1809ರಲ್ಲಿ ನೆಪೋಲಿಯನ್ನನ ಸೈನ್ಯ ಸರಗೋಸಾಕ್ಕೆ ಎರಡು ಬಾರಿ ಮುತ್ತಿಗೆ ಹಾಕಿತು. ಮನೆ ಮನೆಯಲ್ಲಿ, ಕೋಣೆ ಕೋಣೆಯಲ್ಲಿ ಹೊಡೆದಾಟ ನಡೆಯಿತು. ಸುಮಾರು 50,000 ಜನ ಸತ್ತರು, ಅದರಲ್ಲಿ ಹೆಚ್ಚಿನವರು ಸಾಂಕ್ರಾಮಿಕ ರೋಗಕ್ಕೆ ಬಲಿಯಾದರು. ಆ ದಿನಗಳಲ್ಲಿ ಪಿಲಾರ್ ಮಾತೆ ಊರಿನ ಸೇನಾನಾಯಕಿಯಾದಳು. ಆಕೆಗೆ ಫ್ರಾನ್ಸಿನವಳಾಗಲು ಇಷ್ಟವಿಲ್ಲ ಎಂದು ಜನ ಹಾಡು ಕಟ್ಟಿದರು. ಮುತ್ತಿಗೆಯಲ್ಲಿ ಸಿಕ್ಕ ಬಡಜನರ ಹಾಡು ಅದು. ಅದನ್ನು ಗೌರವದಿಂದಲೇ ಕೇಳಬೇಕು.

ಆಮೇಲೆ ಮೇಲಿನಿಂದ ಒಂದೊಂದೇ ಗೌರವ ಇಳಿದು ಬಂತು. 1908ರಲ್ಲಿ, ಮುತ್ತಿಗೆಯ ನೂರನೇ ವರ್ಷದಲ್ಲಿ, ಆಕೆಗೆ ಸೈನ್ಯದ ಕ್ಯಾಪ್ಟನ್ ಜನರಲ್ ದರ್ಜೆಯ ಗೌರವ ಸಿಕ್ಕಿತು. ಅದೇ ವರ್ಷ ಸ್ಪ್ಯಾನಿಷ್ ಮಾತಾಡುವ ಅಮೆರಿಕ ಖಂಡದ ದೇಶಗಳ ಧ್ವಜಗಳನ್ನು ಬಸಿಲಿಕಾಕ್ಕೆ ಅರ್ಪಿಸಿದರು. ಅವು ಈಗಲೂ ಗೋಡೆಯ ಮೇಲಿವೆ. 1898ರಲ್ಲಿ ಕ್ಯೂಬಾ, ಪೋರ್ಟೊ ರಿಕೊ, ಫಿಲಿಪೀನ್ಸ್ ಕೈಬಿಟ್ಟು ಹೋಗಿ ಹತ್ತೇ ವರ್ಷವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಸಾಮ್ರಾಜ್ಯ ಮುಳುಗಿದ ಮೇಲೆ ಅದರ ನೆನಪಿಗೆ ಒಂದು ಪವಿತ್ರ ಜಾಗ ಬೇಕಾಗಿತ್ತು. 1913ರಲ್ಲಿ ಗಾರ್ಡಿಯಾ ಸಿವಿಲ್ ಆಕೆಯನ್ನು ಪಾಲಕಿಯಾಗಿ ಪಡೆಯಿತು. 1918ರಲ್ಲಿ ಅಕ್ಟೋಬರ್ 12 'ಜನಾಂಗದ ಹಬ್ಬ' ಎಂಬ ಹೆಸರಿನಲ್ಲಿ ಸರ್ಕಾರಿ ರಜೆಯಾಯಿತು. ಕೊಲಂಬಸ್ ದಡ ಮುಟ್ಟಿದ್ದೂ ಮಾತೆಯ ಹಬ್ಬವೂ ಒಂದೇ ದಿನ ಬಂದದ್ದು ದೈವಸಂಕಲ್ಪ ಎಂದು ವ್ಯಾಖ್ಯಾನ ಮಾಡುವವರಿಗೆ ಆಗ ಕೊರತೆ ಇರಲಿಲ್ಲ.

ನಂತರ ಅಂತರ್ಯುದ್ಧ. ಒಂದು ಕಡೆ ಗಣರಾಜ್ಯದ ಸರ್ಕಾರ, ಇನ್ನೊಂದು ಕಡೆ ಅದರ ವಿರುದ್ಧ ದಂಗೆ ಎದ್ದು, ಗೆದ್ದು, ಮುಂದೆ ಸರ್ವಾಧಿಕಾರಿಯಾದ ಜನರಲ್ ಫ್ರಾಂಕೊ. 1936ರ ಆಗಸ್ಟ್ 3ರ ಬೆಳಗಿನ ಜಾವ ಗಣರಾಜ್ಯದ ಕಡೆಯ ವಿಮಾನವೊಂದು ಪಿಲಾರ್ ಬಸಿಲಿಕಾದ ಮೇಲೆ ಬಾಂಬು ಹಾಕಿತು. ಒಂದೂ ಸಿಡಿಯಲಿಲ್ಲ. ತೀರಾ ತಗ್ಗಿನಿಂದ ಹಾಕಿದ್ದಕ್ಕೆ ಹೀಗಾಯಿತು ಎಂಬ ವಿವರಣೆ ಇದೆ. ಪವಾಡ ಎಂದು ನಂಬಿದವರು ಬಹಳ ಜನ. ಎರಡು ಬಾಂಬಿನ ಚಿಪ್ಪುಗಳು ಇವತ್ತಿಗೂ ಬಸಿಲಿಕಾದ ಒಳಗೆ ಗೋಡೆಯಲ್ಲಿ ನೇತಾಡುತ್ತಿವೆ, ಹೋದವರೆಲ್ಲ ನೋಡಬಹುದು. ಫ್ರಾಂಕೊ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಬೇಕಿರಲಿಲ್ಲ. ಮಾತೆ ತಮ್ಮ ಕಡೆ ಇದ್ದಾಳೆ ಎಂದು ಸಾರಿದರು.

ಆದರೆ ಅದೇ ಊರಿನಲ್ಲಿ, ಅದೇ ತಿಂಗಳುಗಳಲ್ಲಿ ಏನಾಗುತ್ತಿತ್ತು? ಯುದ್ಧದ ಮೊದಲ ದಿನಗಳಲ್ಲೇ ಸರಗೋಸಾ ಫ್ರಾಂಕೊ ಪಕ್ಷದ ಕೈಗೆ ಹೋಗಿತ್ತು. ಕಾರ್ಮಿಕರನ್ನು, ಮೇಷ್ಟ್ರುಗಳನ್ನು, ಸಂಘದ ಮುಖಂಡರನ್ನು ಹಿಡಿದು ಟೊರ್ರೆರೊ ಸ್ಮಶಾನದ ಗೋಡೆಗೆ ನಿಲ್ಲಿಸಿ ಗುಂಡು ಹಾರಿಸಿದರು. ಯುದ್ಧ ಮುಗಿದ ಮೇಲೂ ಅದು ನಿಲ್ಲಲಿಲ್ಲ. ಸುಮಾರು 3,500 ಜನ ಹೀಗೆ ಸತ್ತರು. ಅವರ ಹೆಸರುಗಳಿರುವ ಸ್ಮಾರಕ ಅಲ್ಲಿ ಎದ್ದು ನಿಂತದ್ದು 2010ರಲ್ಲಿ. ಅದಕ್ಕೆ ಮೊದಲು ದಶಕಗಳ ಕಾಲ ಪಿಲಾರ್ ಚೌಕದಲ್ಲಿ, ಮಾತೆಯ ಕಣ್ಣೆದುರಿಗೇ, ಗೆದ್ದವರ ಕಡೆಯ ಹುತಾತ್ಮರ ಸ್ಮಾರಕ ನಿಂತಿತ್ತು. ಅದನ್ನು ತೆಗೆದು ಸ್ಮಶಾನಕ್ಕೆ ಸಾಗಿಸಿದ್ದು ಪ್ರಜಾಪ್ರಭುತ್ವ ಬಂದ ಮೇಲೆ, ಚೌಕವನ್ನು ಹೊಸದಾಗಿ ಕಟ್ಟಿದಾಗ. ಗುಂಡೇಟು ತಿಂದವರ ಮನೆಯ ಹೆಂಗಸರೂ ಪಿಲಾರ್ ಮಾತೆಗೆ ದೀಪ ಹಚ್ಚುತ್ತಿದ್ದವರೇ ಅಲ್ವಾ? ಅವರ ಮಾತೆಯನ್ನು ಅವರಿಂದ ಕಿತ್ತುಕೊಂಡ ಹಾಗಾಯಿತು. ಈ ಹಬ್ಬಕ್ಕೆ ಆದ ಅತಿ ದೊಡ್ಡ ಅನ್ಯಾಯ ಇದು ಎಂದು ನನಗೆ ಅನಿಸುತ್ತದೆ. ಇವತ್ತು ಎಡಪಂಥೀಯರಲ್ಲಿ ಕೆಲವರಿಗೆ ಪಿಲಾರ್ ಎಂದರೆ ಮುಖ ಸಿಂಡರಿಸುವ ಹಾಗಾಗುವುದಕ್ಕೆ ಕಾರಣ ದೇವರಲ್ಲ, ಈ ನೆನಪು.

1958ರಲ್ಲಿ ಫ್ರಾಂಕೊ ಸರ್ಕಾರ ಅಕ್ಟೋಬರ್ 12ಕ್ಕೆ 'ಹಿಸ್ಪಾನಿದಾದ್ ದಿನ' ಎಂಬ ಹೆಸರಿಟ್ಟಿತು. ಸ್ಪ್ಯಾನಿಷ್ ಭಾಷೆ, ಕ್ಯಾಥೊಲಿಕ್ ಧರ್ಮ, ಹಳೆಯ ಸಾಮ್ರಾಜ್ಯ, ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಕಲ್ಪನೆ ಅದು. ಫ್ರಾಂಕೊ 1975ರಲ್ಲಿ ಸತ್ತ. 1978ರಲ್ಲಿ ಹೊಸ ಸಂವಿಧಾನ ಬಂತು. ಹೊಸ ಸ್ಪೇನಿಗೆ ಹೊಸ ರಾಷ್ಟ್ರೀಯ ದಿನ ಬೇಕು, ಸಂವಿಧಾನಕ್ಕೆ ಜನ ಒಪ್ಪಿಗೆ ಕೊಟ್ಟ ಡಿಸೆಂಬರ್ 6 ಇರಲಿ ಎಂಬ ವಾದವೂ ಇತ್ತು. ಆದರೆ 1987ರಲ್ಲಿ ಫೆಲಿಪೆ ಗೊನ್ಸಾಲೆಸ್ ಅವರ ಸಮಾಜವಾದಿ ಸರ್ಕಾರವೇ ಅಕ್ಟೋಬರ್ 12ನ್ನು ಉಳಿಸಿಕೊಂಡಿತು. ಆ ಕಾನೂನಿನಲ್ಲಿ ಹಿಸ್ಪಾನಿದಾದ್ ಎಂಬ ಹೆಸರು ಬಿಟ್ಟುಹೋಗಿದೆ. ಸ್ಪೇನಿನ ಭಾಷೆ ಮತ್ತು ಸಂಸ್ಕೃತಿ ಯುರೋಪಿನ ಆಚೆಗೆ ಹರಡಲು ಶುರುವಾದ ದಿನ ಎಂದು ಮಾತ್ರ ಸಮರ್ಥನೆ ಕೊಟ್ಟಿದ್ದಾರೆ. ಆದರೂ ಪತ್ರಿಕೆಗಳು, ಜನ ಇನ್ನೂ ಹಳೆಯ ಹೆಸರನ್ನೇ ಬಳಸುತ್ತಾರೆ.

ಚರ್ಚೂ ಇದೇ ಜೋಡಣೆಯನ್ನು ಬಳಸಿಕೊಂಡಿತು. 1984ರ ಅಕ್ಟೋಬರ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅಮೆರಿಕ ಖಂಡಕ್ಕೆ ಕ್ರೈಸ್ತ ಧರ್ಮ ಹೋದ 500ನೇ ವರ್ಷದ ತಯಾರಿಗೆ ಸಾಂತೊ ದೊಮಿಂಗೊಗೆ ಹೊರಟಿದ್ದರು. ದಾರಿಯಲ್ಲಿ ಅವರು ಇಳಿದದ್ದು ಸರಗೋಸಾದಲ್ಲಿ.

ಈಗಿನ ಜಗಳ

ಸಮುದ್ರದ ಆಚೆ ದಡದಲ್ಲಿ ಈ ದಿನದ ಅರ್ಥ ತಲೆಕೆಳಗಾಗಿ ಬಹಳ ಕಾಲವಾಯಿತು. ವೆನೆಜುವೆಲಾ 2002ರಲ್ಲಿ ಅದನ್ನು ಮೂಲನಿವಾಸಿಗಳ ಪ್ರತಿರೋಧದ ದಿನ ಎಂದಿತು. ಅರ್ಜೆಂಟೀನಾ 2010ರಲ್ಲಿ ಸಾಂಸ್ಕೃತಿಕ ವೈವಿಧ್ಯವನ್ನು ಗೌರವಿಸುವ ದಿನ ಎಂದಿತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಬೊಲಿವಿಯಾದಲ್ಲಿ ನಿಂತು, ಅಮೆರಿಕವನ್ನು ಗೆದ್ದುಕೊಂಡ ಕಾಲದಲ್ಲಿ ಮೂಲನಿವಾಸಿಗಳ ಮೇಲೆ ನಡೆದ ಅಪರಾಧಗಳಿಗೆ ಕ್ಷಮೆ ಕೇಳಿದರು. 2019ರಲ್ಲಿ ಮೆಕ್ಸಿಕೊದ ಅಧ್ಯಕ್ಷ ಲೋಪೆಸ್ ಒಬ್ರಾದೋರ್ ಸ್ಪೇನಿನ ರಾಜನಿಗೆ ಪತ್ರ ಬರೆದು ಕ್ಷಮೆ ಕೇಳಲು ಹೇಳಿದರು. ಸ್ಪೇನ್ ಸರ್ಕಾರ ಖಡಾಖಂಡಿತವಾಗಿ ಒಪ್ಪಲಿಲ್ಲ. 2024ರಲ್ಲಿ ಮೆಕ್ಸಿಕೊದ ಹೊಸ ಅಧ್ಯಕ್ಷೆಯಾಗಿ ಕ್ಲಾಡಿಯಾ ಶೇನ್‌ಬಾಮ್ ಅಧಿಕಾರ ವಹಿಸಿಕೊಂಡಾಗ ರಾಜನಿಗೆ ಆಹ್ವಾನವೇ ಹೋಗಲಿಲ್ಲ. ಸ್ಪೇನ್ ಯಾರನ್ನೂ ಕಳಿಸಲಿಲ್ಲ. 2025ರ ಅಕ್ಟೋಬರ್ ಕೊನೆಗೆ ಸ್ಪೇನಿನ ವಿದೇಶಾಂಗ ಸಚಿವ ಹೊಸೆ ಮ್ಯಾನುಯೆಲ್ ಅಲ್ಬಾರೆಸ್ ಮೂಲನಿವಾಸಿಗಳಿಗೆ ನೋವು, ಅನ್ಯಾಯ ಆಗಿದೆ ಎಂದು ಒಪ್ಪಿಕೊಂಡರು. ಮೆಕ್ಸಿಕೊ ಇದನ್ನು ಮೊದಲ ಹೆಜ್ಜೆ ಎಂದು ಸ್ವಾಗತಿಸಿತು. ಸ್ಪೇನಿನ ಬಲಪಂಥೀಯರು ಸಿಟ್ಟಾದರು.

ದೇಶದ ಒಳಗೂ ಕಥೆ ಸರಳವಿಲ್ಲ. ಕ್ಯಾಟಲೋನಿಯಾದ ಸ್ವಾತಂತ್ರ್ಯವಾದಿಗಳಿಗೆ ಈ ದಿನ ಬೇಡ. 2016ರಲ್ಲಿ ಬಾರ್ಸಿಲೋನಾದ ಪಕ್ಕದ ಬಾದಲೋನಾ ನಗರಸಭೆಯವರು ನ್ಯಾಯಾಲಯ ಬೇಡ ಎಂದರೂ ಅವತ್ತು ಕಚೇರಿ ತೆರೆದು ಕೂತರು. ಬಲಪಂಥೀಯ ಪಕ್ಷಗಳಾದ ವೋಕ್ಸ್ ಮತ್ತು ಪೀಪಲ್ಸ್ ಪಾರ್ಟಿಗೆ ಇದು ಹೆಮ್ಮೆಯ ದಿನ, ಅದರ ಒಂದಕ್ಷರವನ್ನೂ ಮುಟ್ಟಬಾರದು. ಸಮಾಜವಾದಿಗಳು ಸುಮ್ನೆ ನಡೆಸಿಕೊಂಡು ಹೋಗುತ್ತಾರೆ.

ಈ ಗದ್ದಲದಲ್ಲಿ ಕೇಳಿಸದೆ ಹೋಗುವುದು ಸರಗೋಸಾದ ದನಿ.

ಅವತ್ತು ಆ ಊರಿನಲ್ಲಿ ಏನು ನಡೆಯುತ್ತದೆ ಎಂದು ನೋಡಿ. ಹಬ್ಬ ಹತ್ತು ದಿನದಷ್ಟು ನಡೆಯುತ್ತದೆ. ನಗರಸಭೆಯ ಮೊಗಸಾಲೆಯಿಂದ ಹಬ್ಬ ಸಾರುವ ಭಾಷಣದೊಂದಿಗೆ ಶುರು. ಪೆನ್ಯಾ ಎಂಬ ಗೆಳೆಯರ ಬಳಗಗಳು ಕುತ್ತಿಗೆಗೆ ಚೌಕುಳಿ ವಸ್ತ್ರ ಕಟ್ಟಿಕೊಂಡು ಬೀದಿ ತುಂಬುತ್ತವೆ. ದೊಡ್ಡ ತಲೆಯ ಮುಖವಾಡ ಹಾಕಿದವರು ಮಕ್ಕಳನ್ನು ಅಟ್ಟಿಸಿಕೊಂಡು ಓಡುತ್ತಾರೆ. ಖೋತಾ ಎಂಬ ಅರಗಾನಿನ ಜನಪದ ಹಾಡು, ಕುಣಿತ ಚೌಕದಲ್ಲಿ ನಿಲ್ಲುವುದೇ ಇಲ್ಲ. ಅದೋಕಿನ್ ಎಂಬ ಕಲ್ಲುಚಪ್ಪಡಿ ಆಕಾರದ ಗಟ್ಟಿ ಮಿಠಾಯಿ ಸಿಗುತ್ತದೆ, ಹೊದಿಕೆಯ ಮೇಲೆ ಮಾತೆಯ ಚಿತ್ರ, ಒಳಗೆ ಖೋತಾ ಹಾಡಿನ ಸಾಲುಗಳು. 18ನೇ ಶತಮಾನದ ಗೂಳಿಕಾಳಗದ ಕಣದಲ್ಲಿ ಕಾಳಗ ಇರುತ್ತದೆ, ಅದನ್ನು ವಿರೋಧಿಸುವವರೂ ಇರುತ್ತಾರೆ. 13ರಂದು ಹಣ್ಣು, ತರಕಾರಿ, ಊಟದ ಸಾಮಾನು ಅರ್ಪಿಸುತ್ತಾರೆ. ಅದು ಬಡವರ ಆಶ್ರಯಗಳಿಗೆ ಹೋಗುತ್ತದೆ. ಅದೇ ರಾತ್ರಿ ಗಾಜಿನ ಜಪಸರ ಮೆರವಣಿಗೆ. ಬಣ್ಣದ ಗಾಜಿನ ದೀಪರಥಗಳು ಒಳಗಿನಿಂದ ಬೆಳಗುತ್ತ ಬೀದಿಯಲ್ಲಿ ಸಾಗುತ್ತವೆ. ಈ ಪದ್ಧತಿ 19ನೇ ಶತಮಾನದ ಕೊನೆಯದು.

ಆದರೆ ಎಲ್ಲಕ್ಕೂ ಕಲಶ ಇಟ್ಟ ಹಾಗೆ 12ರ ಹೂವಿನ ಅರ್ಪಣೆ, ಅವರು ಓಫ್ರೆಂದಾ ಎನ್ನುವುದು. ಇದು ಬಹಳ ಹಳೆಯದು ಎಂದು ಎಷ್ಟೋ ಜನ ಅಂದುಕೊಂಡಿರುತ್ತಾರೆ. ಇಲ್ಲ, ಶುರುವಾದದ್ದು 1958ರಲ್ಲಿ, ವಲೆನ್ಸಿಯಾದವರು ತಮ್ಮ ಮಾತೆಗೆ ಹೂವು ಕೊಡುವುದನ್ನು ನೋಡಿ. ಹಿಸ್ಪಾನಿದಾದ್ ಹೆಸರು ಬಂದದ್ದೂ ಅದೇ ವರ್ಷ. ಎರಡೂ ಒಂದೇ ಕಾಲದ ಕೂಸುಗಳು. ಆದರೆ ಒಂದು ಒಣಗಿತು, ಇನ್ನೊಂದು ಹೂಬಿಟ್ಟಿತು. ಹಿಸ್ಪಾನಿದಾದ್ ಈಗ ಭಾಷಣದಲ್ಲಿ ಬದುಕಿದೆ. ಓಫ್ರೆಂದಾಕ್ಕೆ ಲಕ್ಷಗಟ್ಟಲೆ ಜನ ತಾವಾಗಿ ಬರುತ್ತಾರೆ. ಸುಮಾರು 7 ಲಕ್ಷ ಜನರಿರುವ ಊರಿದು. ಚೌಕದ ನಡುವೆ ನಿಲ್ಲಿಸಿದ ಎತ್ತರದ ಲೋಹದ ಚೌಕಟ್ಟಿನ ತುದಿಯಲ್ಲಿ ಮಾತೆಯ ಪ್ರತಿಮೆ ಇರುತ್ತದೆ. ಸ್ವಯಂಸೇವಕರು ಒಂದೊಂದು ಗೊಂಚಲನ್ನೂ ಕೆಳಗಿನಿಂದ ಪಡೆದು ಜೋಡಿಸುತ್ತಾರೆ. ಸಂಜೆಗೆ ಅದು ಮಾತೆಯ ಹೊದಿಕೆಯಾಗುತ್ತದೆ, ಊರಿನ ಕೈಯಿಂದಲೇ ನೇಯ್ದದ್ದು. ಸಾಂಪ್ರದಾಯಿಕ ಉಡುಪು ಹಾಕಿರಬೇಕು ಎಂಬುದು ನಿಯಮ. ನೀನು ಪೂಜೆಗೆ ಹೋಗುತ್ತೀಯಾ, ನಂಬುತ್ತೀಯಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಆ ಪ್ರಶ್ನೆ ಕೇಳಿದ್ದರೆ ಸಾಲು ಬಹಳ ಚಿಕ್ಕದಾಗುತ್ತಿತ್ತು. 1970ರ ದಶಕದ ಕೊನೆಗೆ ಸ್ಪೇನಿನ ಹತ್ತರಲ್ಲಿ ಒಂಬತ್ತು ಜನ ತಮ್ಮನ್ನು ಕ್ಯಾಥೊಲಿಕ್ ಎನ್ನುತ್ತಿದ್ದರು. ಈಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಅಷ್ಟೇ. ಅವರಲ್ಲೂ ತಪ್ಪದೆ ಚರ್ಚಿನ ಪೂಜೆಗೆ ಹೋಗುವವರು ಇನ್ನೂ ಕಡಿಮೆ. ಒಂದು ಕಾಲದಲ್ಲಿ ಅರಗಾನಿನಲ್ಲಿ ಮನೆಗೊಬ್ಬಳು ಪಿಲಾರ್ ಇರುತ್ತಿದ್ದಳು. ಈಗಿನ ಹೆತ್ತವರು ಮಗಳಿಗೆ ಆ ಹೆಸರಿಡುವುದು ಅಪರೂಪ. ಆದರೂ ಅವತ್ತು ಸಾಲು ಸಣ್ಣದಾಗಿಲ್ಲ.

ಜಾತ್ಯತೀತ ಸರ್ಕಾರ ಇಂಥ ಹಬ್ಬವನ್ನು ನಡೆಸಬಹುದೇ ಎಂಬ ಪ್ರಶ್ನೆಯೂ ಎದ್ದಿದೆ. ಸಂವಿಧಾನದ 16ನೇ ವಿಧಿ ಯಾವ ಧರ್ಮವೂ ಸರ್ಕಾರದ ಧರ್ಮವಲ್ಲ ಎನ್ನುತ್ತದೆ. ಅದೇ ಉಸಿರಿನಲ್ಲಿ ಕ್ಯಾಥೊಲಿಕ್ ಚರ್ಚು ಮತ್ತು ಇತರ ಧರ್ಮಗಳೊಂದಿಗೆ ಸಹಕರಿಸಬೇಕು ಎನ್ನುತ್ತದೆ. ಸರಗೋಸಾ ನಗರಸಭೆಯ ಸಭಾಂಗಣದಲ್ಲಿದ್ದ ಶಿಲುಬೆಯನ್ನು ತೆಗೆಸಲು ಜಾತ್ಯತೀತ ಸಂಘವೊಂದು ಕೋರ್ಟಿಗೆ ಹೋಗಿತ್ತು. 2010ರಲ್ಲಿ ತೀರ್ಪು ಅದರ ವಿರುದ್ಧ ಬಂತು. 2011ರಲ್ಲಿ ಸೆವಿಲ್ಲಾದ ವಕೀಲರ ಸಂಘ ಮರಿಯಮ್ಮನನ್ನು ಪಾಲಕಿ ಎಂದು ನಿಯಮದಲ್ಲಿ ಬರೆದುಕೊಂಡದ್ದು ಸಂವಿಧಾನ ನ್ಯಾಯಾಲಯದ ಮುಂದೆ ಬಂತು. ಧಾರ್ಮಿಕ ಮೂಲದ ಗುರುತು ಕಾಲಕ್ರಮೇಣ ಪರಂಪರೆಯಾಗಿ ಬೆಳೆದಿದ್ದರೆ, ಅದನ್ನು ಇಟ್ಟುಕೊಂಡ ಮಾತ್ರಕ್ಕೆ ತಟಸ್ಥತೆ ಮುರಿಯುವುದಿಲ್ಲ, ಆಚರಣೆಗೆ ಬಾ ಎಂದು ಯಾರನ್ನೂ ಬಲವಂತ ಮಾಡಿಲ್ಲವಲ್ಲ ಎಂಬ ದಾರಿಯಲ್ಲಿ ನ್ಯಾಯಾಲಯ ಯೋಚಿಸಿತು. 2017ರಲ್ಲಿ ಕಾದಿಸ್ ನಗರದಲ್ಲಿ ಇನ್ನೂ ಕುತೂಹಲದ ಸಂಗತಿ ನಡೆಯಿತು. ಅಲ್ಲಿನ ಮೇಯರ್ ಪೊದೆಮೊಸ್ ಪಕ್ಷದವರು, ಕಡು ಎಡಪಂಥೀಯರು. ಅವರ ಕಾಲದಲ್ಲೇ ನಗರಸಭೆ ಊರಿನ ಪಾಲಕಿ ರೊಸಾರಿಯೊ ಮಾತೆಗೆ ಚಿನ್ನದ ಪದಕ ಕೊಟ್ಟಿತು. ಸಾವಿರಾರು ಜನ ಸಹಿ ಹಾಕಿ ಕೇಳಿದ್ದರು. ಜಾತ್ಯತೀತ ಸಂಘಗಳು ಕಿಡಿಕಾರಿದವು. ಮೇಯರ್ ಇದು ಜನರ ಭಕ್ತಿ ಎಂದು ನಿಂತರು.

ನನಗೆ ಕಾದಿಸ್ ಮೇಯರ್ ಹೇಳಿದ್ದು ಸರಿ ಅನಿಸುತ್ತದೆ. ಜನ ಪ್ರೀತಿಯಿಂದ ಹೊತ್ತು ತಂದ ಮಾತೆಗೆ ಊರು ಗೌರವ ಕೊಟ್ಟರೆ ನಂಬದವನಿಗೆ ಹಾನಿ ಇಲ್ಲ. ಹಾನಿ ಆಗುವುದು ಆ ಮಾತೆಯ ಕೈಗೆ ಬಾವುಟ ಕೊಟ್ಟು ಇವಳನ್ನು ಒಪ್ಪದವನು ದೇಶವನ್ನೂ ಒಪ್ಪದವನು ಎಂದಾಗ.

ಸಾಲಿನಲ್ಲಿ ಹೊಸಬರು

ಈ ಹಬ್ಬಕ್ಕೆ ಹೊಸ ಅರ್ಥ ತಂದವರು ಯಾರು ಗೊತ್ತೇ? ಹೊರಗಿನಿಂದ ಬಂದವರು. ಸುಮಾರು 2000ದಿಂದ ಈಚೆಗೆ ಸರಗೋಸಾಕ್ಕೆ ಎಕ್ವಡಾರ್, ಕೊಲಂಬಿಯಾ, ನಿಕರಾಗುವಾ ಕಡೆಯಿಂದ ಬಹಳ ಜನ ಬಂದು ನೆಲೆಸಿದ್ದಾರೆ. ಮುದುಕರನ್ನು ನೋಡಿಕೊಳ್ಳುವುದು, ಮನೆಗೆಲಸ, ಕಟ್ಟಡದ ಕೆಲಸ, ಹೋಟೆಲ್ ಕೆಲಸ, ಊರಿನ ದಿನನಿತ್ಯದ ಬದುಕು ಇವರ ಮೇಲೆ ನಿಂತಿದೆ. ಓಫ್ರೆಂದಾದಲ್ಲಿ ಇವರ ಬಳಗಗಳೂ ಸಾಲು ಹಿಡಿಯುತ್ತವೆ, ತಮ್ಮ ತಮ್ಮ ದೇಶದ ಉಡುಪಿನಲ್ಲಿ, ತಮ್ಮ ಬ್ಯಾಂಡಿನೊಂದಿಗೆ. ಅರಗಾನ್ ಖೋತಾದ ಹಿಂದೆಯೇ ಆಂಡೀಸ್ ಬೆಟ್ಟದ ಕೊಳಲು ಕೇಳಿಸುತ್ತದೆ.

ಇದರಲ್ಲಿ ಎರಡು ಅರ್ಥ ಇದೆ, ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಬಲಪಂಥೀಯರು ಇದನ್ನು ತೋರಿಸಿ, ನೋಡಿ, ಹಿಸ್ಪಾನಿದಾದ್ ಅಂದರೆ ಇದೇ, ಅಮೆರಿಕದವರೇ ತಾಯಿನಾಡಿನ ಮಾತೆಗೆ ಹೂವು ತಂದಿದ್ದಾರೆ ಎನ್ನುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಆ ಜನರಲ್ಲಿ ಬಹುಪಾಲು ನಿಜವಾದ ಭಕ್ತರು. ಸರಗೋಸಾದ ಎಷ್ಟೋ ಚರ್ಚುಗಳಲ್ಲಿ ಭಾನುವಾರ ಬೆಂಚು ತುಂಬುವುದು ಅವರಿಂದಲೇ. ಆದರೆ ಅವರು ತಮ್ಮ ಉಡುಪಿನಲ್ಲಿ ಬರುತ್ತಾರೆ ಎಂಬುದನ್ನು ಮರೆಯಬಾರದು. ಮೂಲನಿವಾಸಿ ಅಜ್ಜಿಯರು ನೇಯ್ದ ಬಟ್ಟೆ ತೊಟ್ಟು, ಅವರ ಬಣ್ಣಗಳನ್ನು ಹೊತ್ತು ಬರುತ್ತಾರೆ. ಸಾಮ್ರಾಜ್ಯ ಅಳಿಸಲು ನೋಡಿದ್ದು ಇದನ್ನೇ. 1908ರಲ್ಲಿ ಬಸಿಲಿಕಾದಲ್ಲಿ ಅವರ ದೇಶಗಳ ಧ್ವಜ ಇತ್ತು, ಆ ದೇಶಗಳ ಬಡಜನ ಇರಲಿಲ್ಲ. ಈಗ ಅವರೇ ಬಂದಿದ್ದಾರೆ, ಪಕ್ಕದ ಬೀದಿಯ ನಿವಾಸಿಗಳಾಗಿ ಬಂದಿದ್ದಾರೆ. ಅವರನ್ನು ಯಾವುದೋ ಹಳೆಯ ವೈಭವದ ಸಾಕ್ಷಿಗಳನ್ನಾಗಿ ನಿಲ್ಲಿಸುವುದು ಅವರಿಗೆ ಮಾಡುವ ಅವಮಾನ. ವಲಸೆಯವರ ವಿರುದ್ಧ ಭಾಷಣ ಮಾಡುವ ಪಕ್ಷಗಳೇ ಅಕ್ಟೋಬರ್ 12ರಂದು ಅವರನ್ನು ಹಿಸ್ಪಾನಿದಾದ್‌ನ ಬಂಧುಗಳು ಎಂದು ಕರೆಯುವುದು ಇನ್ನೂ ನೋವಿನ ಸಂಗತಿ.

ಊರಿನಲ್ಲಿ ರುಮೇನಿಯಾದವರೂ ಬಹಳ ಇದ್ದಾರೆ. ಅವರು ಹೆಚ್ಚಾಗಿ ಆರ್ಥೊಡಾಕ್ಸ್ ಕ್ರೈಸ್ತರು. ಮುಸ್ಲಿಮರು ಇದ್ದಾರೆ. ಇವರೆಲ್ಲರ ಮಕ್ಕಳು ಬೀದಿಯಲ್ಲಿ ದೊಡ್ಡ ತಲೆಯ ಮುಖವಾಡಗಳಿಂದ ತಪ್ಪಿಸಿಕೊಂಡು ಓಡುತ್ತಾರೆ. ಆ ಮಕ್ಕಳಿಗೂ ಪಿಲಾರ್ ತಮ್ಮ ಊರಿನ ಹಬ್ಬವೇ. ಇದನ್ನು ಸಾಧ್ಯ ಮಾಡಿದ್ದು ಹಬ್ಬ ಊರಿನದಾಗಿ ಉಳಿದದ್ದು.

ಹಾಗಾಗಿ ರಾಷ್ಟ್ರೀಯ ದಿನವನ್ನು ಈ ತಾರೀಖಿನಿಂದ ಬಿಡಿಸಬೇಕು ಎಂಬ ಪಕ್ಷ ನನ್ನದು. ಡಿಸೆಂಬರ್ 6 ಇದೆ, ಜನ ಮತ ಹಾಕಿ ಆರಿಸಿಕೊಂಡ ದಿನ. ಅದರಲ್ಲಿ ಎಡ, ಬಲ, ನಂಬುವವರು, ನಂಬದವರು ಎಲ್ಲರಿಗೂ ಪಾಲಿದೆ. ಇದಕ್ಕೆ ಬರುವ ದೊಡ್ಡ ಆಕ್ಷೇಪ, ಇತಿಹಾಸವನ್ನು ಅಳಿಸುತ್ತೀರಿ ಎಂಬುದು. ಆದರೆ ಈ ಜೋಡಣೆ ಅನಾದಿಯದಲ್ಲ. 1918ಕ್ಕೆ ಮೊದಲು ಅಕ್ಟೋಬರ್ 12 ಸ್ಪೇನಿನ ರಾಷ್ಟ್ರೀಯ ಹಬ್ಬವಾಗಿರಲಿಲ್ಲ. ಮಾತೆ ಊರಿನ ಪಾಲಕಿಯಾದದ್ದು ಅದಕ್ಕೂ ಹೆಚ್ಚುಕಮ್ಮಿ 280 ವರ್ಷ ಮೊದಲು. ಇನ್ನೊಂದು ಆಕ್ಷೇಪ ಸರಗೋಸಾದವರದೇ. ದೇಶದ ರಜೆ ಹೋದರೆ ಬೇರೆ ಊರುಗಳಿಂದ ಬರುವ ಜನ, ವ್ಯಾಪಾರ ಕಡಿಮೆಯಾಗುತ್ತದೆ ಎಂಬ ಭಯ. ಅದು ನ್ಯಾಯವಾದ ಭಯ. ಹೋಟೆಲು, ಅಂಗಡಿ, ಹೂವಿನವರ ವರ್ಷದ ದುಡಿಮೆ ಆ ವಾರದಲ್ಲಿದೆ. ಆದರೆ ವಲೆನ್ಸಿಯಾದ ಫಾಯಸ್ ಹಬ್ಬಕ್ಕೆ, ಪಾಂಪ್ಲೋನಾದ ಸ್ಯಾನ್ ಫೆರ್ಮಿನ್‌ಗೆ ದೇಶದ ರಜೆಯ ಆಸರೆ ಇಲ್ಲ. ಆದರೂ ಆ ಊರುಗಳಲ್ಲಿ ಹಿಡಿಸಲಾರದಷ್ಟು ಜನ ಸೇರುತ್ತಾರೆ.

ಕಾನೂನು ಬದಲಾಗುವ ಲಕ್ಷಣ ಈಗ ಕಾಣುತ್ತಿಲ್ಲ. ಸಂಸತ್ತಿನಲ್ಲಿ ಎರಡು ದೊಡ್ಡ ಪಕ್ಷಗಳಿಗೂ ಇದನ್ನು ಕೈಗೆತ್ತಿಕೊಳ್ಳುವ ಮನಸ್ಸಿಲ್ಲ. ಆದರೆ ಸರಗೋಸಾದ ಕೈಯಲ್ಲೇ ಮಾಡಬಹುದಾದ ಕೆಲಸಗಳಿವೆ. ಬಸಿಲಿಕಾದ ಗೋಡೆಯ ಮೇಲಿನ ಬಾಂಬಿನ ಚಿಪ್ಪುಗಳ ಪಕ್ಕದಲ್ಲಿ, ಅದೇ ಯುದ್ಧದಲ್ಲಿ ಟೊರ್ರೆರೊ ಗೋಡೆಗೆ ನಿಂತು ಸತ್ತ ಊರಿನ ಮಕ್ಕಳಿಗಾಗಿ ಒಂದು ಪ್ರಾರ್ಥನೆಯ ಫಲಕ ಹಾಕಬಹುದು. ಅಮೆರಿಕದ ಧ್ವಜಗಳ ಕೆಳಗೆ ಪೋಪ್ ಫ್ರಾನ್ಸಿಸ್ ಕೇಳಿದ ಕ್ಷಮೆಯನ್ನು ಬರೆಯಬಹುದು. ಹಬ್ಬ ಸಾರುವ ಭಾಷಣಕ್ಕೆ ಊರಿನ ಮುದುಕರನ್ನು ನೋಡಿಕೊಳ್ಳುವ ನಿಕರಾಗುವಾದ ಹೆಂಗಸೊಬ್ಬಳನ್ನು ಮೊಗಸಾಲೆಗೆ ಕರೆಯಬಹುದು. ಇದಕ್ಕೆ ಮ್ಯಾಡ್ರಿಡ್‌ನ ಅಪ್ಪಣೆ ಬೇಕಿಲ್ಲ. ನಗರಸಭೆ ಮತ್ತು ಬಸಿಲಿಕಾದ ಪಾದ್ರಿಗಳ ಮಂಡಳಿ ಒಂದು ಮಧ್ಯಾಹ್ನ ಕೂತು ತೀರ್ಮಾನಿಸಿದರೆ ಸಾಕು.